ಫೋಟೋ ಅಳಿಸದೆ ಫರ್ಮ್‌ವೇರ್ ಹಾಕಿದ್ದು

ಅತ್ತಿಗೆಯ ಫೋನ್ ಅಪ್‌ಡೇಟ್ ಆಗುವಾಗ ನಡುವೆಯೇ ಆಫ್ ಆಯಿತು. ಆಮೇಲೆ ಆನ್ ಮಾಡಿದರೆ ಲೋಗೋ ಬರುತ್ತದೆ, ಮಾಯವಾಗುತ್ತದೆ, ಮತ್ತೆ ಬರುತ್ತದೆ. ಇದಕ್ಕೆ ಬೂಟ್‌ಲೂಪ್ ಅನ್ನುತ್ತಾರೆ. ಲೋಗೋವರೆಗೆ ಬರುತ್ತಿದೆ ಅಂದರೆ ಒಂದು ಸಮಾಧಾನ. ಹೆಚ್ಚಾಗಿ ಕೆಟ್ಟಿರುವುದು ಸಾಫ್ಟ್‌ವೇರ್, ಬೋರ್ಡ್ ಅಲ್ಲ.

"ಫೋಟೋ ಹೋದ್ರೆ ನಂಗೆ ಈ ಫೋನೇ ಬೇಡ" ಅಂದರು ಅತ್ತಿಗೆ. ಮಗು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಬ್ಯಾಕಪ್ ಇರಲಿಲ್ಲ. ಹಾಗಾಗಿ ರಿಕವರಿ ಮೋಡ್‌ನ (ರಿಪೇರಿಗೆಂದೇ ಇರುವ ಮೆನು) ಫ್ಯಾಕ್ಟರಿ ರೀಸೆಟ್ ಮುಟ್ಟುವ ಹಾಗೇ ಇಲ್ಲ, ಅದು ಎಲ್ಲವನ್ನೂ ಅಳಿಸುತ್ತದೆ. ಕ್ಯಾಶ್, ಅಂದರೆ ತಾತ್ಕಾಲಿಕ ಫೈಲ್‌ಗಳನ್ನು, ಒರೆಸಿ ನೋಡಿದೆ, ಏನೂ ಆಗಲಿಲ್ಲ. ಇನ್ನು ಉಳಿದದ್ದು ಫರ್ಮ್‌ವೇರ್, ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್, ಮತ್ತೆ ಹಾಕುವುದು.

ಫರ್ಮ್‌ವೇರ್ ಹಾಕಿದರೆ ಎಲ್ಲವೂ ಅಳಿಸಿಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಫೋನಿನ ಸ್ಟೋರೇಜ್ ಹಲವು ಪಾರ್ಟಿಶನ್‌ಗಳಾಗಿ, ಅಂದರೆ ಬೇರೆ ಬೇರೆ ಭಾಗಗಳಾಗಿ, ಹಂಚಿರುತ್ತದೆ. ಆಂಡ್ರಾಯ್ಡ್ ಒಂದು ಕಡೆ, ನಮ್ಮ ಫೋಟೋ, ಆ್ಯಪ್‌ಗಳು ಇನ್ನೊಂದು ಕಡೆ, ಅಂದರೆ ಯೂಸರ್‌ಡೇಟಾದಲ್ಲಿ. ಅಡುಗೆಮನೆ ರಿಪೇರಿಗೆ ಇಡೀ ಮನೆ ಕೆಡವಬೇಕಿಲ್ಲ.

ಈ ಫೋನಿನಲ್ಲಿ ಇದ್ದದ್ದು ಮೀಡಿಯಾಟೆಕ್ ಚಿಪ್. ಅದಕ್ಕೆ ಎಸ್‌ಪಿ ಫ್ಲ್ಯಾಶ್ ಟೂಲ್ ಬೇಕು, ಕಂಪ್ಯೂಟರ್‌ನಿಂದ ಫೋನಿಗೆ ಫರ್ಮ್‌ವೇರ್ ಹಾಕುವ ಪ್ರೋಗ್ರಾಂ. ಫರ್ಮ್‌ವೇರ್ ಜೊತೆ ಬರುವ ಸ್ಕ್ಯಾಟರ್ ಫೈಲ್ ತೆರೆದರೆ ಪಾರ್ಟಿಶನ್‌ಗಳ ಪಟ್ಟಿ ಕಾಣುತ್ತದೆ, ಪ್ರತಿಯೊಂದರ ಪಕ್ಕ ಟಿಕ್ ಇರುತ್ತದೆ. ಟಿಕ್ ತೆಗೆದರೆ ಆ ಭಾಗವನ್ನು ಮುಟ್ಟುವುದಿಲ್ಲ. ಯೂಸರ್‌ಡೇಟಾ ಟಿಕ್ ತೆಗೆದೆ. ಮೆಟಾಡೇಟಾ ಅಂತ ಇನ್ನೊಂದಿರುತ್ತದೆ, ಅದರದ್ದೂ ತೆಗೆದೆ. ಫೋನ್ ಡೇಟಾವನ್ನು ಬೀಗ ಹಾಕಿದ ಹಾಗೆ ಇಡುತ್ತದೆ, ಅದೇ ಎನ್‌ಕ್ರಿಪ್ಶನ್. ಅದಕ್ಕೆ ಬೇಕಾದ ಕೀಗಳು ಅಲ್ಲಿರಬಹುದು. ಅದು ಹೋದರೆ ಫೋಟೋಗಳು ಇದ್ದೂ ಇಲ್ಲದ ಹಾಗೆ.

ಮೇಲಿನ ಮೆನುವಿನಲ್ಲಿ ಮೂರು ಆಯ್ಕೆಗಳಿವೆ. ನನಗೆ ಬೇಕಾದದ್ದು 'ಡೌನ್‌ಲೋಡ್ ಓನ್ಲಿ'. 'ಫಾರ್ಮ್ಯಾಟ್ ಆಲ್' ಇದೆಯಲ್ಲ, ಅದನ್ನು ಒತ್ತಿ ಅಂತ ಧೈರ್ಯವಾಗಿ ಹೇಳುವ ವಿಡಿಯೋಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಎನ್‌ವಿರ‍್ಯಾಮ್ ಅನ್ನುವ ಪಾರ್ಟಿಶನ್ ಅನ್ನೂ ಅಳಿಸುತ್ತದೆ. ಫೋನಿನ ಗುರುತಿನ 15 ಅಂಕಿಯ ಸಂಖ್ಯೆ ಐಎಂಇಐ, ವೈಫೈ ವಿಳಾಸ, ಸಿಗ್ನಲ್ ಹೊಂದಾಣಿಕೆಯ ಲೆಕ್ಕ ಎಲ್ಲ ಇರುವುದು ಅಲ್ಲೇ. ಫೋನ್ ಆನ್ ಆಗುತ್ತದೆ, ಆದರೆ ಸಿಮ್ ಹಾಕಿದರೆ ನೆಟ್‌ವರ್ಕ್ ಇರುವುದಿಲ್ಲ. ಏನು ಪ್ರಯೋಜನ?

ಫರ್ಮ್‌ವೇರ್ ಆರಿಸುವುದರಲ್ಲೂ ಅವಸರ ಬೇಡ. ಹೆಸರು ಒಂದೇ ಇದ್ದರೂ ಮಾಡೆಲ್ ನಂಬರ್ ಬೇರೆ ಇರಬಹುದು. ಹಳೆಯ ಆವೃತ್ತಿಯಂತೂ ಹಾಕಲೇಬಾರದು. ಎನ್‌ಕ್ರಿಪ್ಶನ್ ಕೀ ಆಂಡ್ರಾಯ್ಡ್ ಆವೃತ್ತಿಗೂ ಸೆಕ್ಯುರಿಟಿ ಪ್ಯಾಚ್‌ಗೂ ಅಂಟಿಕೊಂಡಿರುತ್ತದೆ. ಹಿಂದಕ್ಕೆ ಹೋದರೆ ಡೇಟಾ ತೆರೆಯದೇ ಇರಬಹುದು. ಕೆಲವು ಫೋನ್‌ಗಳು ಹಿಂದಿನ ಆವೃತ್ತಿ ಹಾಕಿದರೆ ಪೂರ್ತಿ ಸತ್ತೇ ಹೋಗುತ್ತವೆ. ಹಾಗಾಗಿ ಅರ್ಧಕ್ಕೆ ನಿಂತ ಅಪ್‌ಡೇಟ್ ಯಾವುದೋ ಅದೇ ಆವೃತ್ತಿಯ ಪೂರ್ತಿ ಫೈಲ್ ಹುಡುಕಿದೆ.

ಇಷ್ಟಾದ ಮೇಲೆ ತಲೆ ತಿಂದದ್ದು ಕೇಬಲ್. ಚಾರ್ಜ್ ಮಾತ್ರ ಆಗುವ, ಡೇಟಾ ಹೋಗದ ಕೇಬಲ್‌ಗಳು ಎಲ್ಲರ ಮನೆಯಲ್ಲೂ ಇರುತ್ತವೆ ಅಲ್ವಾ? ಕಂಪ್ಯೂಟರ್ ಸುಮ್ನೆ ಕೂತಿತ್ತು. ಕೇಬಲ್ ಬದಲಿಸಿದ ಮೇಲೆ 'ಟಣ್' ಅಂತ ಶಬ್ದ ಬಂತು, ಎರಡು ಕ್ಷಣದಲ್ಲಿ ಸಂಪರ್ಕ ಕಡಿದುಹೋಯಿತು. ಮೀಡಿಯಾಟೆಕ್ ಫೋನ್‌ಗಳು ಹಾಗೆಯೇ. ಪ್ಲಗ್ ಮಾಡಿದಾಗ ಸ್ವಲ್ಪ ಹೊತ್ತು ಮಾತ್ರ ಕಿವಿಗೊಡುತ್ತವೆ. ಆದ್ದರಿಂದ ಮೊದಲು ಡೌನ್‌ಲೋಡ್ ಒತ್ತಬೇಕು, ಆಮೇಲೆ ಆಫ್ ಆಗಿರುವ ಫೋನನ್ನು ಸಿಕ್ಕಿಸಬೇಕು. ಆದರೆ ಬೂಟ್‌ಲೂಪ್‌ನಲ್ಲಿರುವ ಫೋನ್ ಆಫ್ ಆಗುವುದೆಲ್ಲಿ? ಬ್ಯಾಟರಿ ತೆಗೆಯಲು ಬರುವುದಿಲ್ಲ. ಪವರ್ ಜೊತೆ ವಾಲ್ಯೂಮ್ ಬಟನ್ ಒತ್ತಿಹಿಡಿದು, ಸ್ಕ್ರೀನ್ ಕಪ್ಪಾದ ಕೂಡಲೇ ಕೇಬಲ್ ಚುಚ್ಚಿದೆ. ಹಿಡಿದುಕೊಂಡಿತು. ಎಷ್ಟು ಮುಗಿಯಿತು ಅಂತ ತೋರಿಸುವ ಗೆರೆ ಓಡಿತು, ಕೊನೆಗೆ ಹಸಿರು ಟಿಕ್ ಬಂತು. ಹೊಸ ಫೋನ್‌ಗಳಲ್ಲಿ ಇದಕ್ಕೂ ಮೊದಲು ಕಂಪನಿಯ ಅನುಮತಿಯ ಫೈಲ್ ಕೇಳಬಹುದು, ಇದರಲ್ಲಿ ಕೇಳಲಿಲ್ಲ.

ಮೊದಲ ಬಾರಿ ಆನ್ ಆಗಲು ತುಂಬಾ ಹೊತ್ತು ಹಿಡಿಯಿತು. 'ಸ್ವಾಗತ' ಅಂತ ಭಾಷೆ ಆರಿಸುವ ಪರದೆ ಬಂದಿದ್ದರೆ ಎಲ್ಲ ಅಳಿಸಿದೆ, ಕಥೆ ಮುಗಿದಂತೆ. ಬಂದದ್ದು ಪಿನ್ ಕೇಳುವ ಪರದೆ. *#06# ಒತ್ತಿ ನೋಡಿದೆ, ಎರಡು ಸಿಮ್‌ಗಳ ಎರಡೂ ಐಎಂಇಐ ಇದ್ದವು.

ಕೇಬಲ್ ತೆಗೆಯುವ ಮೊದಲೇ ಫೋಟೋ ಫೋಲ್ಡರನ್ನು ಕಂಪ್ಯೂಟರ್‌ಗೆ ಕಾಪಿ ಹಾಕಿದೆ. ಫರ್ಮ್‌ವೇರ್ ಹಾಕುವುದಕ್ಕಿಂತ ಅದಕ್ಕೇ ಜಾಸ್ತಿ ಹೊತ್ತು ಬೇಕಾಯಿತು.