ಸ್ವರದ ನಡುವೆ ಬಂದ ಸಿನೆಮಾ ಸಾಲು

1995ರ ನವರಾತ್ರಿ. ನನಗೆ ಆಗ ಹದಿನೇಳು ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡೆ ಇಳಿದು ಹೋಗಬೇಕಾದ ಒಂದು ದೇವಸ್ಥಾನದಲ್ಲಿ ಸಂಜೆ ಮುಕ್ಕಾಲು ಗಂಟೆ ನನ್ನ ಹಾಡುಗಾರಿಕೆ ಇತ್ತು. ಅಂಗಳದಲ್ಲಿ ಚಪ್ಪರ, ಒಂದೇ ಒಂದು ಮೈಕ್, ಚಾಪೆಯ ಮೇಲೆ ಐವತ್ತು ಅರುವತ್ತು ಜನ. ಹಿಂದೆ ಶ್ರುತಿ ಪೆಟ್ಟಿಗೆ ಹಿಡಿದು ನನ್ನ ಟೀಚರ್ ಕೂತಿದ್ದರು. ಪಿಟೀಲಿಗೂ ಮೃದಂಗಕ್ಕೂ ಅವರೇ ಹೇಳಿ ಜನ ಮಾಡಿದ್ದರು. ಒಂದು ವರ್ಣ, ಒಂದು ಗಣಪತಿ ಕೃತಿ, ಆಮೇಲೆ ತ್ಯಾಗರಾಜರ ‘ದ್ವೈತಮು ಸುಖಮಾ’. ರೀತಿಗೌಳ ರಾಗ, ಆದಿ ತಾಳ. ಅದಕ್ಕೆ ಸ್ವಲ್ಪ ಸ್ವರ ಹಾಡಬೇಕು, ಅಂದರೆ ಸರಿಗಮವನ್ನು ಅಲ್ಲೇ ಹೊಸದಾಗಿ ಹೆಣೆದು ಹಾಡಬೇಕು, ಅಂತ ಟೀಚರ್ ಮೊದಲೇ ಹೇಳಿದ್ದರು. ನನ್ನ ಜೀವನದಲ್ಲಿ ಜನರ ಎದುರು ಸ್ವರ ಹಾಡುವುದು ಅದೇ ಮೊದಲು.

ರೀತಿಗೌಳ ನನಗೆ ಸಿಕ್ಕಿದ್ದು ಕ್ಲಾಸಿನಲ್ಲಿ ಅಲ್ಲ, ಬಸ್ಸಿನಲ್ಲಿ. ಸೀತಾಂಗೋಳಿಯಿಂದ ನೀರ್ಚಾಲು ದಾಟಿ ಬದಿಯಡ್ಕಕ್ಕೆ ಹೋಗುವ ಪ್ರೈವೇಟ್ ಬಸ್ಸುಗಳಲ್ಲಿ ಆಗ ಎಲ್ಲದರಲ್ಲೂ ಟೇಪ್ ಇತ್ತು. ಹೆಚ್ಚಿನದು ಮಲಯಾಳ ಹಾಡು. ನಡುವೆ ತಮಿಳು. ಡ್ರೈವರ್ ನಮ್ಮ ಕಡೆಯವನಾದರೆ ಒಂದೆರಡು ಕನ್ನಡವೂ ಬರುತ್ತಿತ್ತು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಂಗಡಿಯಲ್ಲಿ, ಬಸ್ಸಿನಲ್ಲಿ ಆಡುವಷ್ಟು ಮಲಯಾಳ ಬರುತ್ತಿತ್ತು, ಹಾಡಿನ ಮಲಯಾಳ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ಒಂದು ಹಾಡು ಬಂದರೆ ಕಿಟಕಿಯ ಕಂಬಿ ಹಿಡಿದು ಸುಮ್ನೆ ಕೂತುಬಿಡುತ್ತಿದ್ದೆ. ‘ಒನ್ನಾಂ ರಾಗಂ ಪಾಡಿ’. 1987ರಲ್ಲಿ ಬಂದ ‘ತೂವಾನತ್ತುಂಬಿಕಳ್’ ಸಿನೆಮಾದ್ದು, ಪೆರುಂಬಾವೂರ್ ಜಿ. ರವೀಂದ್ರನಾಥ್ ಅವರ ಸಂಗೀತ, ಹಾಡಿದ್ದು ವೇಣುಗೋಪಾಲ್ ಮತ್ತು ಚಿತ್ರಾ. ಸಿನೆಮಾ ಬಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಹಾಡು ಮಾತ್ರ ನಾನು ದೊಡ್ಡವಳಾಗುವವರೆಗೂ ಬಸ್ಸು ಬಿಟ್ಟು ಇಳಿದಿರಲಿಲ್ಲ.

ಹಾಗಾಗಿ ಟೀಚರ್ ಕ್ಲಾಸಿನಲ್ಲಿ ಮೊದಲ ಸಲ ರೀತಿಗೌಳದ ಆರೋಹಣ ಹಾಡಿದಾಗ ನನಗೆ ಮೈ ಜುಂ ಅಂದಿತ್ತು. ಸ ಗ ರಿ ಗ ಮ ನಿ ದ ಮ ನಿ ನಿ ಸ. ಇದು ನನಗೆ ಗೊತ್ತಲ್ಲ! ಎಲ್ಲಿಂದ ಗೊತ್ತು ಅಂತ ಹೊಳೆಯಲು ಒಂದು ನಿಮಿಷ ಬೇಕಾಯಿತು.

ಸಂಗೀತ ಕಲಿಯದವರಿಗೂ ಈ ರಾಗದ ಗುಟ್ಟು ಹೇಳಬಹುದು. ಇದರ ಸ್ವರಗಳೆಲ್ಲ ಖರಹರಪ್ರಿಯದವು, ಅಂದರೆ ಇಪ್ಪತ್ತೆರಡನೇ ಮೇಳದವು. ಮೇಳ ಅಂದರೆ ಬೇರೆ ರಾಗಗಳಿಗೆ ತಾಯಿಯಾದ ಮೂಲ ರಾಗ. ಆದರೆ ಸ ರಿ ಗ ಮ ಅಂತ ಮೆಟ್ಟಿಲು ಹತ್ತಿದ ಹಾಗೆ ನೇರ ಹತ್ತಿದರೆ ರೀತಿಗೌಳ ಇರುವುದಿಲ್ಲ, ಖರಹರಪ್ರಿಯ ಆಗಿಬಿಡುತ್ತದೆ. ನಮ್ಮ ಕಡೆಯ ತೋಟದ ದಾರಿಯ ಹಾಗೆ ಇದು. ಸ್ವಲ್ಪ ಮುಂದೆ ಹೋಗಿ, ಒಂದು ಹೆಜ್ಜೆ ಹಿಂದೆ ಬಂದು, ತೋಡಿನ ಬದಿ ಬಳಸಿ ಹೋಗಬೇಕು. ಹತ್ತುವಾಗ ಪಂಚಮ, ಅಂದರೆ ಪ, ಇಲ್ಲವೇ ಇಲ್ಲ. ಇಳಿಯುವಾಗ ಮ ಗ ಮ ಪ ಮ ಗ ರಿ ಸ ಅಂತ ತಿರುಗಿ ನೋಡಿದ ಹಾಗೆ ಒಮ್ಮೆ ಬಂದು ಹೋಗುತ್ತದೆ. ಎರಡು ನಿಷಾದ ಒಟ್ಟಿಗೆ ಬಂದು ಮೇಲಿನ ಷಡ್ಜ ಮುಟ್ಟುವ ಜಾಗ ಉಂಟಲ್ಲ, ನಿ ನಿ ಸ, ಅದೊಂದು ಕೇಳಿದರೆ ಸಾಕು, ರಾಗದ ಹೆಸರು ಗೊತ್ತಿಲ್ಲದವರೂ ತಲೆ ಎತ್ತುತ್ತಾರೆ.

ಆ ಸಂಜೆ ನಾನು ಬಿದ್ದದ್ದೂ ಅಲ್ಲೇ.

ಮೊದಲ ಮೂರು ನಾಲ್ಕು ಆವರ್ತ, ಅಂದರೆ ತಾಳದ ಸುತ್ತು, ಚೆನ್ನಾಗಿ ಹೋಯಿತು. ಆಮೇಲೆ ನಿ ನಿ ಸಾ ಅಂತ ಹಿಡಿದೆ. ಮುಂದೆ ಏನು ಮಾಡುವುದು ಅಂತ ಕ್ಷಣ ತೋಚಲಿಲ್ಲ. ನಾಲಿಗೆ ತಾನಾಗಿ ಬಸ್ಸಿನ ಹಾಡಿಗೆ ಹೊರಳಿತು. ಪಲ್ಲವಿಯ ಇಡೀ ಸಾಲು, ಸ್ವರದಲ್ಲಿ, ಒಂದಿಷ್ಟೂ ಬದಲಿಲ್ಲದೆ. ಮುಂದಿನ ಸಾಲಿನ ಮಕ್ಕಳಿಗೆ ಗೊತ್ತಾಗಿಬಿಟ್ಟಿತು. ಒಬ್ಬ ಹುಡುಗ ದೊಡ್ಡಕ್ಕೇ ಹಾಡಿನ ಶಬ್ದ ಹಾಕಿ ಹಾಡಿದ. ಹೆಂಗಸರ ಕಡೆಯಿಂದ ನಗು ಕೇಳಿತು, ಸಂತೋಷದ ನಗು. ಪಿಟೀಲಿನವರು ಅದೇ ಸಾಲನ್ನು ನನಗಿಂತ ಚಂದವಾಗಿ ವಾಪಸ್ ಕೊಟ್ಟರು. ನಾನು ಹೇಗೋ ‘ದ್ವೈತಮು’ ಹಿಡಿದು ಮುಗಿಸಿದೆ.

ಮಂಗಳ ಹಾಡಿ ಇಳಿದು, ಪಂಚಕಜ್ಜಾಯ ತಿಂದು ಚಾಯ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಬಂದರು. ನನ್ನ ಜೊತೆ ಮಾತಾಡಲಿಲ್ಲ, ಟೀಚರ್ ಹತ್ತಿರ ಹೇಳಿದರು. “ಸ್ವರ ಎಲ್ಲ ಒಳ್ಳೆಯದಿತ್ತು ಟೀಚರೇ. ಆದರೆ ದೇವರ ಎದುರು ಸಿನೆಮಾ ಹಾಡು ಬೇಡ. ಮಕ್ಕಳಿಗೆ ಹೇಳಿ ಕೊಡಿ.” ಟೀಚರ್ “ಆಯ್ತು” ಅಂದರು, ಅಷ್ಟೇ. ನನ್ನ ಕೈಯಲ್ಲಿದ್ದ ಚಾಯದ ಲೋಟ ಅಲ್ಲಾಡುತ್ತಿತ್ತು. ಅಪ್ಪನಿಗೆ ಗೊತ್ತಾದರೆ, ಮುಂದಿನ ವರ್ಷ ಕರೆಯದಿದ್ದರೆ, ಟೀಚರಿಗೆ ನನ್ನಿಂದ ಮಾತು ಬಂತಲ್ಲ ಅಂತ ಏನೇನೋ ಯೋಚನೆ. ಆ ಹಾಡಿನಲ್ಲಿ ಬರುವುದೇ ದೇವಸ್ಥಾನ, ತೃಶ್ಶೂರಿನ ವಡಕ್ಕುನ್ನಾಥನ ಎದುರು ಬಂದು ನಿಂತ ಹುಡುಗಿಯ ಮಾತು ಅದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ.

ಗುಡ್ಡೆ ಹತ್ತಿ ರಸ್ತೆಗೆ ಬಂದಾಗ ಕತ್ತಲೆ. ಮಳೆ ಹನಿಯುತ್ತಿತ್ತು. ಟೀಚರ್ ಟಾರ್ಚ್ ಹಿಡಿದು ಮುಂದೆ, ನಾನು ಶ್ರುತಿ ಪೆಟ್ಟಿಗೆ ಹೊತ್ತು ಹಿಂದೆ. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತೆವು. ನನಗೆ ಅಳು ಬಂತು. ಟೀಚರ್ ಸುಮಾರು ಹೊತ್ತು ಸುಮ್ಮನಿದ್ದು ಕೇಳಿದರು, “ಆ ಹಾಡು ಒಮ್ಮೆ ಹಾಡು ನೋಡುವ.”

ನಾನು ನಂಬಲಿಲ್ಲ. “ಯಾವುದು ಟೀಚರ್?”

“ಅದೇ ಮಾರಾಯ್ತಿ, ಈಗ ಹಾಡಿದೆಯಲ್ಲ. ಶಬ್ದ ಹಾಕಿ ಹಾಡು.”

ಹಾಡಿದೆ. ಗೊತ್ತಿದ್ದ ಮಲಯಾಳದಲ್ಲಿ, ತಪ್ಪು ತಪ್ಪಾಗಿ. ಟೀಚರ್ ಕಣ್ಣು ಮುಚ್ಚಿ ಕೇಳಿದರು. “ಒಳ್ಳೆಯ ಕೆಲಸ ಮಾಡಿದ್ದಾರೆ. ರಾಗ ಕೆಡಿಸಲಿಲ್ಲ,” ಅಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದರು. “ಈಗ ನಿಷಾದ ಒಂದೇ ಹಿಡಿ.” ಹಿಡಿದೆ. ಅವರು ನನ್ನ ಕೈಯನ್ನು ಮೆಲ್ಲನೆ, ತೊಟ್ಟಿಲು ತೂಗಿದ ಹಾಗೆ ಆಡಿಸಿದರು. “ಹೀಗೆ. ನಿಂತಲ್ಲೇ ತೂಗಬೇಕು. ಸಿನೆಮಾ ಹಾಡಿಗೆ ಇಷ್ಟು ಹೊತ್ತು ನಿಲ್ಲಲು ಪುರುಸೊತ್ತಿಲ್ಲ. ನಾಲ್ಕೈದು ನಿಮಿಷದಲ್ಲಿ ಅವರಿಗೆ ಎಲ್ಲ ಮುಗಿಯಬೇಕು. ಹಾಗಾಗಿ ಅವರು ರಾಗದ ಮುಖ ತೋರಿಸಿ ಹೋಗುತ್ತಾರೆ. ನಿನಗೆ ಪುರುಸೊತ್ತು ಉಂಟು. ನೀನು ಯಾಕೆ ಓಡಿದೆ?”

ಹಿರಿಯರು ಹೇಳಿದ್ದು ಸರಿಯೋ ತಪ್ಪೋ ಅಂತ ಕೇಳಿದೆ. ಟೀಚರ್ ಹೇಳಿದ್ದು ಇವತ್ತಿಗೂ ನನಗೆ ಅಕ್ಷರ ಅಕ್ಷರ ನೆನಪಿದೆ. “ನಿನ್ನ ತಪ್ಪು ಅದು ಸಿನೆಮಾ ಹಾಡು ಅಂತ ಅಲ್ಲ. ಕಲ್ಪನಾಸ್ವರ ಅಂದರೆ ಆಗ ಹುಟ್ಟಬೇಕು. ನೀನು ಇನ್ನೊಬ್ಬರು ಕಟ್ಟಿದ್ದನ್ನು ತಂದು ಇಟ್ಟೆ. ಇದೇ ರಾಗದ ‘ಜನನಿ ನಿನ್ನುವಿನಾ’ ಕೃತಿಯ ಸಾಲು ತಂದು ಇಟ್ಟಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಆಗ ಅವರು ಬಂದು ಹೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.”

ಬಸ್ಸು ಬಂತು. ಒಳಗೆ ಟೇಪ್ ಹಾಡುತ್ತಿತ್ತು, ಯಾವ ಹಾಡು ಅಂತ ನೆನಪಿಲ್ಲ.

ಮುಂದಿನ ಭಾನುವಾರ ಕ್ಲಾಸಿಗೆ ಹೋದಾಗ ಟೀಚರ್ ಜಗಲಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕಾಯುತ್ತಿದ್ದರು. ‘ಸಿಂಧು ಭೈರವಿ’ಯ ಕ್ಯಾಸೆಟ್. 1985ರ ಕೆ. ಬಾಲಚಂದರ್ ಸಿನೆಮಾ, ಇಳಯರಾಜಾ ಸಂಗೀತ. ಅದರಲ್ಲಿ ಚಿತ್ರಾ ಹಾಡಿದ ‘ಪಾಡರಿಯೇನ್ ಪಡಿಪ್ಪರಿಯೇನ್’ ಹಾಕಿದರು. ಆ ಹಾಡಿಗೆ ಚಿತ್ರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು, ಸಂಗೀತಕ್ಕೆ ಇಳಯರಾಜಾ ಅವರಿಗೂ. ಸಿನೆಮಾದಲ್ಲಿ ದೊಡ್ಡ ವಿದ್ವಾಂಸನೊಬ್ಬನ ಕಛೇರಿ. ತಮಿಳಿನ ಜನರ ಎದುರು ತೆಲುಗು ಕೃತಿಗಳನ್ನೇ ಯಾಕೆ ಹಾಡುತ್ತೀರಿ ಅಂತ ಒಬ್ಬ ಹೆಣ್ಣುಮಗಳು ಎದ್ದು ಕೇಳುತ್ತಾಳೆ. ನೀನೇ ಹಾಡು ಅಂದಾಗ ಹಳ್ಳಿಯ ಹಾಡೊಂದು ಶುರು ಮಾಡುತ್ತಾಳೆ. ಗದ್ದೆಯಲ್ಲಿ ಹಾಡುವ ಹಾಗೆ ಇರುತ್ತದೆ. ಹೋಗ್ತಾ ಹೋಗ್ತಾ ಸ್ವರ ಬರುತ್ತದೆ, ಕೊನೆಗೆ ತ್ಯಾಗರಾಜರ ‘ಮರಿ ಮರಿ ನಿನ್ನೇ’ಗೆ ಬಂದು ನಿಲ್ಲುತ್ತದೆ. ಎಲ್ಲ ಒಂದೇ ರಾಗ, ಸಾರಮತಿ. ಎಲ್ಲಿ ಹಳ್ಳಿ ಮುಗಿಯಿತು, ಎಲ್ಲಿ ಕಛೇರಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸು ಅಂತ ಟೀಚರ್ ಮೂರು ಸಲ ಹಾಕಿದರು. ನನ್ನಿಂದ ಆಗಲಿಲ್ಲ.

‘ಮರಿ ಮರಿ ನಿನ್ನೇ’ ನಿಜವಾಗಿ ಕಾಂಭೋಜಿಯ ಕೃತಿ. ಇಳಯರಾಜಾ ಅದನ್ನು ಸಾರಮತಿಗೆ ತಂದರು. ತ್ಯಾಗರಾಜರ ಕೃತಿಯ ರಾಗವನ್ನೇ ಬದಲಿಸುವುದು ಸಣ್ಣ ಮಾತಲ್ಲ. ಟೀಚರಿಗೂ ಮೊದಲು ಕೇಳಿದಾಗ ಕಸಿವಿಸಿ ಆಗಿತ್ತಂತೆ. ಆಮೇಲೆ ತಾನೇ ಯೋಚಿಸಿದರಂತೆ, ನಮ್ಮ ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯದ ಮೇಲೆ ಕಾಂಭೋಜಿ ಝಂಪೆ, ಕೇತಾರಗೌಳ ಅಷ್ಟ ಅಂತ ರಾಗ ತಾಳ ಅಚ್ಚು ಹಾಕಿರುತ್ತದೆ. ಭಾಗವತರು ರಾತ್ರಿ ಎರಡು ಗಂಟೆಗೆ ಅದೇ ಪದ್ಯವನ್ನು ಬೇರೆ ರಾಗದಲ್ಲಿ ಎತ್ತಿದರೆ ನಾವು ಚಪ್ಪಾಳೆ ತಟ್ಟುತ್ತೇವೆ, ಅಲ್ವಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಪಕ್ಕದಲ್ಲಿ ಬೆಳೆದವರು ರಾಗ ಬದಲಾಗುವುದಕ್ಕೆ ಬೆಚ್ಚಿ ಬೀಳಬೇಕಾಗಿಲ್ಲ ಅಂತ ಅವರ ವಾದ. ಮುತ್ತುಸ್ವಾಮಿ ದೀಕ್ಷಿತರ ನೋಟು ಸ್ವರಗಳ ವಿಷಯ ಮೊದಲ ಬಾರಿ ಕೇಳಿದ್ದೂ ಆ ದಿನವೇ. ಬ್ಯಾಂಡಿನವರು ನುಡಿಸುತ್ತಿದ್ದ ಪಾಶ್ಚಾತ್ಯ ಟ್ಯೂನುಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ದೇವರ ಹಾಡು ಬರೆದಿದ್ದಾರೆ. ‘ಸಂತತಂ ಪಾಹಿಮಾಂ’ ಹಾಡಿನ ಮಟ್ಟು ಇಂಗ್ಲೆಂಡಿನ ರಾಜಗೀತೆಯದ್ದೇ. ಟೀಚರ್ ಅದನ್ನು ಹಾಡಿ ತೋರಿಸಿದಾಗ ಒಳಗಿನಿಂದ ಅವರ ಅತ್ತೆ ಬಂದು ಬಾಗಿಲಲ್ಲಿ ನಿಂತು ಕೇಳಿದ್ದು ನೆನಪಿದೆ.

ಇಷ್ಟೆಲ್ಲ ಹೇಳಿ ಟೀಚರ್ ನನ್ನನ್ನು ಬಿಡಲಿಲ್ಲ. ಒಂದು ತಿಂಗಳು ಬರೀ ರೀತಿಗೌಳ. ಯಾವ ಕೃತಿಯ ಸಾಲೂ ಬರಬಾರದು, ಯಾವ ಸಿನೆಮಾದ ಸಾಲೂ ಬರಬಾರದು. ಬಂತು ಅಂತ ಅನ್ನಿಸಿದರೆ ತೊಡೆಯ ಮೇಲೆ ಒಂದು ಪೆಟ್ಟು. ಮೊದಲ ವಾರ ನನಗೆ ಎರಡು ಆವರ್ತಕ್ಕಿಂತ ಮುಂದೆ ಹೋಗಲಿಕ್ಕೇ ಆಗಲಿಲ್ಲ. ಖಾಲಿ ನಿಲ್ಲುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಗ ರಿ ಗ ಮ ಅಂದರೆ ಸಾಕು, ತಯಾರಾದ ಟ್ಯೂನು ಬಾಗಿಲಲ್ಲೇ ಕಾಯುತ್ತಿರುತ್ತದೆ. ಕಾರ್ತಿಕ ಬರುವ ಹೊತ್ತಿಗೆ ಒಂದು ಭಾನುವಾರ ಆರು ಆವರ್ತ ಹಾಡಿದೆ. ಟೀಚರ್ ಪೆಟ್ಟು ಕೊಡಲಿಲ್ಲ. ಏನೂ ಹೇಳಲೂ ಇಲ್ಲ. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು.

ಇವತ್ತು ನಾನೂ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತೇನೆ. ಸಿನೆಮಾ ಹಾಡಿನಿಂದ ಸಂಗೀತ ಕೆಟ್ಟಿತು ಅನ್ನುವ ಮಾತು ಕೇಳಿದಾಗ ನನಗೆ ಬೇಸರ ಆಗುತ್ತದೆ. 1988ರಲ್ಲಿ ಮಲಯಾಳದ ‘ಚಿತ್ರಂ’ ಸಿನೆಮಾ ಬಂದ ಮೇಲೆ ನಮ್ಮ ಕಡೆ ಕಛೇರಿಯ ಮುಖ ನೋಡದವರ ಬಾಯಲ್ಲೂ ಆಭೇರಿ ರಾಗದ ತ್ಯಾಗರಾಜರ ಕೃತಿ ‘ನಗುಮೋಮು’ ಇತ್ತು. ಆಟೋ ಓಡಿಸುವವರು ಆಭೇರಿ ಗುನುಗುತ್ತಿದ್ದರು. ಕನ್ನಡದಲ್ಲಿ ‘ಹಂಸಗೀತೆ’ಗೆ ಹಾಡಿ 1975ರ ರಾಷ್ಟ್ರಪ್ರಶಸ್ತಿ ಪಡೆದ ಬಾಲಮುರಳಿಕೃಷ್ಣ ಅವರೇ ಎರಡು ವರ್ಷದ ನಂತರ ಇಳಯರಾಜಾ ಸಂಗೀತದಲ್ಲಿ ತಮಿಳು ಸಿನೆಮಾ ಹಾಡು ‘ಚಿನ್ನಕ್ಕಣ್ಣನ್ ಅಳೈಕ್ಕಿರಾನ್’ ಹಾಡಿದರು. ಅದೂ ರೀತಿಗೌಳವೇ. ಅಷ್ಟು ದೊಡ್ಡ ವಿದ್ವಾಂಸರಿಗೆ ಅದು ಕೆಳಗಿನ ಕೆಲಸ ಅಂತ ಅನ್ನಿಸಲಿಲ್ಲ. ಆದರೆ ಇನ್ನೊಂದು ಕಡೆಯವರ ಮಾತೂ ನನಗೆ ಒಪ್ಪಿಗೆ ಇಲ್ಲ. ನಾಲ್ಕು ಸ್ವರ ಹೊಂದಿದ ಕೂಡಲೇ ಈ ಹಾಡು ಇಂಥ ರಾಗ ಅಂತ ಹೇಳಿಬಿಡುತ್ತಾರೆ. ಖರಹರಪ್ರಿಯದ ಸ್ವರಗಳನ್ನು ಹೇಗೆ ಬೇಕೋ ಹಾಗೆ ಹಾಡಿದರೆ ರೀತಿಗೌಳ ಆಗುವುದಿಲ್ಲ. ಆ ಬಳಸು ದಾರಿ ಬೇಕು, ಆ ತೂಗುವ ನಿಷಾದ ಬೇಕು. ಅದಿಲ್ಲದ ಹಾಡು ಚಂದ ಇರಬಹುದು, ಚಂದ ಅಂತಲೇ ಹೇಳೋಣ. ಅದಕ್ಕೆ ರಾಗದ ಹೆಸರು ಯಾಕೆ?

2008ರಲ್ಲಿ ತಮಿಳು ಸಿನೆಮಾ ‘ಸುಬ್ರಮಣ್ಯಪುರಂ’ ಬಂತು. ಜೇಮ್ಸ್ ವಸಂತನ್ ಸಂಗೀತದ ‘ಕಣ್ಗಳ್ ಇರಂಡಾಲ್’ ಎಲ್ಲ ಕಡೆ ಕೇಳುತ್ತಿತ್ತು. ಮೊದಲ ಸಾಲಿಗೇ ನನಗೆ ತಿಳಿಯಿತು, ರೀತಿಗೌಳ. ಟೀಚರಿಗೆ ಆಗ ಎಪ್ಪತ್ತು ದಾಟಿತ್ತು. ಕಾಲುನೋವಿನಿಂದ ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಫೋನ್ ಮಾಡಿ, ಏನೂ ಹೇಳದೆ, ರಿಸೀವರನ್ನು ಟೇಪಿನ ಹತ್ತಿರ ಹಿಡಿದೆ.

ಆ ಕಡೆಯಿಂದ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ. ಅರ್ಧದಲ್ಲಿ ಸಣ್ಣಗೆ ಕೇಳಿತು, “ನಿ ನಿ ಸಾ…” ಹಾಡಿನ ಜೊತೆಗಲ್ಲ, ಹಾಡಿಗಿಂತ ನಿಧಾನ, ಅವರದೇ ಕಾಲದಲ್ಲಿ. ಹಾಡು ಮುಗಿಯಿತು.

“ಟೀಚರ್?” ಅಂದೆ.

“ಇನ್ನೊಮ್ಮೆ ಹಾಕು,” ಅಂದರು. “ಸ್ವಲ್ಪ ಜೋರು ಮಾಡು ಮಗಾ, ಕಿವಿ ಸರಿ ಕೇಳುವುದಿಲ್ಲ.”