ಥೀಮ್ ಪಾರ್ಕ್‌ನಲ್ಲಿ ದುಡ್ಡು ತಿನ್ನುವುದು ಸುಸ್ತು

ನಮ್ಮ ಮನೆಯಲ್ಲಿ ಪ್ರವಾಸದ ಲೆಕ್ಕ ಬರೆಯುವವಳು ನಾನು. ಖರ್ಚಿನ ಪಕ್ಕದಲ್ಲಿ ಹೊತ್ತನ್ನೂ ಬರೆದಿಡುವುದು ನನ್ನ ಹಳೆಯ ಚಟ. ಥೀಮ್ ಪಾರ್ಕ್‌ಗೆ ಹೋದ ದಿನಗಳ ಪುಟ ತಿರುವಿದರೆ ಬೆಳಗ್ಗೆ ಖರ್ಚೇ ಇರುವುದಿಲ್ಲ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಶುರು ನೋಡಿ: ನೀರಿನ ಬಾಟಲಿ, ಐಸ್‌ಕ್ರೀಮ್, ಟೋಪಿ, ಮತ್ತೆ ಐಸ್‌ಕ್ರೀಮ್, ಮಿಣಮಿಣ ಮಿನುಗುವ ಯಾವುದೋ ಕೋಲು. ಆ ಹೊತ್ತಿಗೆ ನಾವಿಬ್ಬರೂ ಸುಸ್ತು, ಮಕ್ಕಳು ರಚ್ಚೆ. ಕಾಲು ನೋಯುತ್ತಿರುವ ಅಪ್ಪ ಅಮ್ಮನಿಗೆ ‘ಬೇಡ’ ಅನ್ನುವಷ್ಟೂ ಶಕ್ತಿ ಇರುವುದಿಲ್ಲ.

ಅದಕ್ಕೇ ಈಗ ನಾನು ಕೂಪನ್ ಹುಡುಕುವುದಕ್ಕಿಂತ ಸುಸ್ತು ಕಮ್ಮಿ ಮಾಡುವುದು ಹೇಗೆ ಅಂತ ನೋಡುತ್ತೇನೆ.

ಮೊದಲು ತಾರೀಕು. ಡಿಸ್ನಿಯವರು ಅಮೆರಿಕದ ತಮ್ಮ ಪಾರ್ಕ್‌ಗಳಲ್ಲಿ 2016ರಿಂದ ಒಂದು ದಿನದ ಟಿಕೆಟ್‌ಗೆ ದಿನ ನೋಡಿ ದರ ಇಡುತ್ತಾರೆ. ಜನ ಕಮ್ಮಿ ಇರುವ ದಿನಕ್ಕೆ ಒಂದು, ನೂಕುನುಗ್ಗಲಿನ ದಿನಕ್ಕೆ ಇನ್ನೊಂದು. ಬೇರೆ ಎಷ್ಟೋ ಪಾರ್ಕ್‌ಗಳಲ್ಲೂ ಹೀಗೇ. ಅಂದರೆ ಟಿಕೆಟ್ ಅಗ್ಗ ಇರುವ ದಿನ ಸಾಮಾನ್ಯವಾಗಿ ಕ್ಯೂ ಕೂಡ ಚಿಕ್ಕದು. ಎರಡೂ ಲಾಭ.

ಆಮೇಲೆ ಮಕ್ಕಳ ವಯಸ್ಸು. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಮೂರು ತುಂಬದ ಮಗುವಿಗೆ ಟಿಕೆಟ್ ಬೇಡ. ಹತ್ತು ತುಂಬಿದರೆ ದೊಡ್ಡವರ ದರ. ಹುಟ್ಟಿದ ಹಬ್ಬ ಹತ್ತಿರದಲ್ಲಿದ್ದರೆ ಅದಕ್ಕೆ ಮುಂಚೆಯೇ ಹೋಗಿಬನ್ನಿ. ಕೆಲವು ಪಾರ್ಕ್‌ಗಳಲ್ಲಿ ವಯಸ್ಸಲ್ಲ, ಎತ್ತರದ ಲೆಕ್ಕ. ಎತ್ತರವನ್ನಂತೂ ಹೇಗಿದ್ದರೂ ಮನೆಯಲ್ಲೇ ಅಳೆದುಕೊಂಡು ಹೋಗಬೇಕು. ಡಿಸ್ನಿ ವರ್ಲ್ಡ್‌ನ ಸ್ಪೇಸ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್‌ಗೆ 112 ಸೆಂ.ಮೀ. ಎತ್ತರ ಬೇಕು. ನಮ್ಮ ಮಗ ಅಷ್ಟು ಬೆಳೆಯುವ ತನಕ ಆ ಕಡೆ ಹೋಗುವ ಮಾತೇ ಇಲ್ಲ ಅಂತ ತೀರ್ಮಾನಿಸಿದ್ದೆವು. ಕ್ಯೂನಲ್ಲಿ ಕಾದು ಕಾದು ಕೊನೆಗೆ ವಾಪಸ್ ಕಳಿಸಿದರೆ ಆ ಅಳು ನಿಲ್ಲಿಸಲು ಅಂಗಡಿಗೇ ಹೋಗಬೇಕಾಗುತ್ತದೆ, ಅಲ್ವಾ?

ನಮ್ಮ ಅತ್ತೆಯ ಲೆಕ್ಕ ಇನ್ನೂ ಸರಳ. ‘ನಾನು ಯಾವುದರಲ್ಲೂ ಕೂರಲ್ಲ. ಸುಮ್ನೆ ಬಿಸಿಲಲ್ಲಿ ಕೂತಿರೋಕೆ ಟಿಕೆಟ್ ಯಾಕೆ?’ ಅಂದರು. ನಿಜ. ಮೆರವಣಿಗೆ, ಪಟಾಕಿ ಇರುವ ಒಂದು ದಿನಕ್ಕೆ ಮಾತ್ರ ಅವರಿಗೆ ಟಿಕೆಟ್ ತೆಗೆದೆವು. ಉಳಿದ ದಿನ ಅವರು ಹೋಟೆಲಿನಲ್ಲಿ ಆರಾಮ. ಅವರಿಲ್ಲದಾಗ ಚಿಕ್ಕವನನ್ನು ನೋಡಿಕೊಳ್ಳಲು ರೈಡರ್ ಸ್ವಿಚ್ ಇದೆ. ಒಬ್ಬರು ಮಗುವಿನ ಜೊತೆ ಹೊರಗಿರುವುದು, ಇನ್ನೊಬ್ಬರು ರೈಡ್ ಮುಗಿಸಿ ಬಂದ ಮೇಲೆ ಇವರು ಪೂರ್ತಿ ಕ್ಯೂ ನಿಲ್ಲದೆ ಹೋಗುವುದು. ಇದಕ್ಕೆ ದುಡ್ಡಿಲ್ಲ. ಆದರೆ ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಇನ್ನು ಕ್ಯೂ ತಪ್ಪಿಸುವ ಪಾಸ್. ಡಿಸ್ನಿಯ ಫಾಸ್ಟ್‌ಪಾಸ್ 1999ರಲ್ಲಿ ಬಂದಾಗ ಪುಕ್ಕಟೆ ಇತ್ತು. ಅಮೆರಿಕದ ಪಾರ್ಕ್‌ಗಳಲ್ಲಿ 2021ರಲ್ಲಿ ಅದು ಹೋಗಿ ದುಡ್ಡು ಕೊಡುವ ಪದ್ಧತಿ ಬಂತು. ನನಗೆ ಇದು ಈಗಲೂ ಸಿಟ್ಟು ತರಿಸುತ್ತದೆ. ಇರುವುದೇ ಒಂದು ದಿನ, ಅದೂ ರಜೆಯ ಗದ್ದಲದಲ್ಲಿ ಅಂದರೆ ತೆಗೆದುಕೊಳ್ಳಿ, ಬೇರೆ ದಾರಿಯಿಲ್ಲ. ಇಲ್ಲದಿದ್ದರೆ ಗೇಟು ತೆಗೆಯುವ ಮುಂಚೆಯೇ ಹೋಗಿ ನಿಂತರೆ ಸಾಕು. ಮೊದಲ ಒಂದು ಗಂಟೆಯಲ್ಲಿ ಆಗುವಷ್ಟು ರೈಡ್ ಮಧ್ಯಾಹ್ನ ಮೂರು ತಾಸು ನಿಂತರೂ ಆಗುವುದಿಲ್ಲ. ಡಿಸ್ನಿಯಲ್ಲಿ ಮುಚ್ಚುವ ಹೊತ್ತಿಗೆ ಮುಂಚೆ ಕ್ಯೂ ಸೇರಿದವರನ್ನು ಹತ್ತಿಸಿಕೊಂಡೇ ಕಳಿಸುತ್ತಾರೆ. ದೊಡ್ಡ ರೈಡ್ ಒಂದನ್ನು ಅದಕ್ಕೆಂದೇ ಉಳಿಸಿಕೊಳ್ಳಬಹುದು.

ನಡುವಿನ ಬಿಸಿಲ ಹೊತ್ತಿನಲ್ಲಿ ಪಾರ್ಕ್‌ನಿಂದ ಹೊರಗೆ ಬಂದು ಮಲಗಿಬಿಡುವುದು ನಮ್ಮ ರೂಢಿ. ಹೀಗೆ ಮಾಡಬೇಕಾದರೆ ಹೋಟೆಲ್ ಹತ್ತಿರ ಇರಬೇಕು. ಇಲ್ಲಿ ನನಗೂ ನಮ್ಮ ಯಜಮಾನರಿಗೂ ವಾದ. ದೂರದ ಹೋಟೆಲ್ ಅಗ್ಗ ಅನ್ನುತ್ತಾರೆ ಅವರು. ದಿನಾ ಕೊಡುವ ಪಾರ್ಕಿಂಗ್ ದುಡ್ಡು, ಹೋಗಿಬರುವ ಹೊತ್ತು ಕೂಡಿಸಿ ತೋರಿಸಿದ ಮೇಲೆ ಸುಮ್ಮನಾದರು. ರೂಮಿನಲ್ಲಿ ಜಾಸ್ತಿ ಉಳಿಸಲು ಹೋಗಬೇಡಿ.

ಊಟ, ನೀರು: ಡಿಸ್ನಿ ವರ್ಲ್ಡ್‌ಗೆ ನಮ್ಮದೇ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಕೌಂಟರ್‌ನಲ್ಲಿ ಕೊಡುವ ಊಟದ ಜಾಗಗಳಲ್ಲಿ ಕೇಳಿದರೆ ಒಂದು ಲೋಟ ತಣ್ಣೀರು ಪುಕ್ಕಟೆ. ಬೇರೆ ಪಾರ್ಕ್‌ಗಳ ನಿಯಮ ಬೇರೆ ಇರುತ್ತದೆ, ಮೊದಲೇ ಓದಿಕೊಳ್ಳಿ. ರೇನ್‌ಕೋಟ್, ಪವರ್ ಬ್ಯಾಂಕ್ ಎರಡೂ ಮನೆಯಿಂದಲೇ ಬರಲಿ.

ಆಟಿಕೆಯ ದುಡ್ಡನ್ನು ಮೊದಲೇ ಮಕ್ಕಳ ಕೈಗೆ ಕೊಡುತ್ತೇವೆ. ಮಿಕ್ಕಿದ್ದು ಅವರದ್ದೇ, ಮುಗಿದರೆ ಮುಗಿಯಿತು. ಮಗ ಮೊದಲ ಅಂಗಡಿಯಲ್ಲೇ ಖಾಲಿ ಮಾಡಿಕೊಂಡ. ಮಗಳು ಪ್ರತಿ ಅಂಗಡಿಯಲ್ಲೂ ಬೆಲೆಪಟ್ಟಿ ತಿರುಗಿಸಿ ನೋಡಿ ವಾಪಸ್ ಇಟ್ಟಳು. ಸಂಜೆ ತಮ್ಮನಿಗೆ ಸಾಲ ಕೊಟ್ಟಿದ್ದಾಳೆ. ಬಡ್ಡಿ ಎಷ್ಟು ಅಂತ ನನಗೆ ಹೇಳುತ್ತಿಲ್ಲ.