‘ಅವರವರದು ಅವರವರಿಗೆ ಸರಿ’ ಅನ್ನುವವರ ಜೊತೆ ಮಾತಾಡೋದು ಹೇಗೆ?

ಕೊಪ್ಪಳದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ವಿದ್ಯಾರ್ಥಿಗಳು ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. "ಸರ, ಸರಿ-ತಪ್ಪು ಊರಿಂದ ಊರಿಗೆ ಬ್ಯಾರೆ ಇರ್ತೈತಿ, ಅವರವರದು ಅವರವರಿಗೆ ಸರಿ ಅಂತಾರಲ್ಲ, ಅಂಥವರ ಜೋಡಿ ಜಗಳ ಇಲ್ಲದ ಹೆಂಗ ಮಾತಾಡೋದು?"

ಪುಸ್ತಕದಲ್ಲಿ ಇದಕ್ಕೆ ನೈತಿಕ ಸಾಪೇಕ್ಷತಾವಾದ ಅಂತ ದೊಡ್ಡ ಹೆಸರಿದೆ. ನಾನು ಆ ವಾದದವನಲ್ಲ. ಕೆಲವು ತಪ್ಪುಗಳು ಎಲ್ಲಿ ನಡೆದರೂ ತಪ್ಪೇ ಎಂದು ನಂಬಿದವನು. ಮೊದಮೊದಲು ಜಗಳವನ್ನೇ ಆಡುತ್ತಿದ್ದೆ. ಗೆಲ್ಲುವುದು ಸುಲಭ ಬೇರೆ. "ಹಂಗಾದ್ರ ಸತಿ ಹೋಗೋದೂ ಸರೀನಾ?" ಅಂದರೆ ಸಾಕು, ಎದುರಿನವರು ಸುಮ್ಮನಾಗುತ್ತಾರೆ.

ಹಾಗೆ ಒಬ್ಬರನ್ನು ಸುಮ್ಮನಾಗಿಸಿದ್ದೆ. ನನಗಿಂತ ಹತ್ತು ವರ್ಷ ಹಿರಿಯ ಸಹೋದ್ಯೋಗಿ. ಸಂಜೆ ಒಗ್ಗರಣಿ-ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಮಾತು ದೇವದಾಸಿ ಪದ್ಧತಿಗೆ ಬಂತು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವರ ಹೆಸರಿಗೆ ಬಿಡುವುದನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲೇ ಅಪರಾಧ ಮಾಡಿದೆ. ಅವರು ಮಾತ್ರ, "ಅದು ಅವರ ರೂಢಿ ಇತ್ತು ಸರ. ಹೊರಗ ನಿಂತು ತಪ್ಪು ಅನ್ನಾಕ ನಾವ್ಯಾರು?" ಅಂದರು. ಓದಿದ ಮನುಷ್ಯ ಹೀಗನ್ನಬಹುದಾ ಅಂತ ನನಗೆ ಸಿಟ್ಟು ಬಂತು. ಕಾಯ್ದೆ, ಹುಡುಗಿಯರ ವಯಸ್ಸು, ಬಡತನ, ಜಾತಿ, ಎಲ್ಲಾ ಒಂದೇ ಉಸಿರಿಗೆ ಹೇಳಿದೆ. ಅವರು ಮಿರ್ಚಿ ಅರ್ಧಕ್ಕೆ ಬಿಟ್ಟು ಎದ್ದುಹೋದರು. ಮೂರು ತಿಂಗಳು ಸರಿಯಾಗಿ ಮಾತಿಲ್ಲ.

ಆಮೇಲೆ ಒಂದು ದಿನ ಅವರೇ ಹೇಳಿದರು. ಅವರನ್ನು ಸಾಕಿದ ದೊಡ್ಡವ್ವನಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿದ್ದರಂತೆ. ಶಾಲೆ ಫೀ ಕಟ್ಟಿದ್ದು, ಜ್ವರ ಬಂದಾಗ ರಾತ್ರಿಯಿಡೀ ಕೂತದ್ದು ಆಕೆಯೇ. ಊರಿಗೆ ಭಾಷಣ ಮಾಡಲು ಬಂದವರೆಲ್ಲ ಆ ಪದ್ಧತಿಯನ್ನು ಬೈಯುವ ಭರದಲ್ಲಿ ಆಕೆಯನ್ನೂ ಹೊಲಸು ಅನ್ನುವಂತೆ ಮಾತಾಡಿ ಹೋಗುತ್ತಿದ್ದರು. "ರೂಢಿ ಸರಿ ಅಂತ ನಾ ಎಲ್ಲಿ ಅಂದೆ ಸರ? ನಮ್ಮ ದೊಡ್ಡವ್ವ ತಪ್ಪು ಅನಬ್ಯಾಡ್ರಿ ಅಂದೆ." ಇನ್ನೊಂದು ಹುಡುಗಿಗೆ ಹಾಗೆ ಆಗಬಾರದು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಎಳ್ಳಷ್ಟೂ ಭಿನ್ನಾಭಿಪ್ರಾಯ ಇರಲಿಲ್ಲ!

ಅಂದಿನಿಂದ ಆ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಅವರ ವಾದಕ್ಕೆ ತೂತು ಹುಡುಕುವ ಮೊದಲು, ಆ ವಾದ ಹಿಡಿದು ಅವರು ಯಾರನ್ನು ಕಾಯುತ್ತಿದ್ದಾರೆ ಅಂತ ಕೇಳಿ.

ಈ ವಾದ ಬೆಳೆದದ್ದೂ ಹೀಗೇ. 1947ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯ ಕರಡು ಬರೆಯುತ್ತಿದ್ದಾಗ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ಒಂದು ಹೇಳಿಕೆ ಕಳಿಸಿತು. ಮೌಲ್ಯಗಳು ಆಯಾ ಸಂಸ್ಕೃತಿಗೆ ಸೇರಿದವು, ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬೇಡಿ ಅನ್ನುವ ಧಾಟಿ ಅದರದು. ನಾವೇ ನಾಗರಿಕರು ಅಂತ ಮೆರೆದವರು ಉಳಿದವರನ್ನು ಕಾಡುಜನ ಅಂತ ಕರೆದು ಆಳಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅವರಿಗೂ ಒಬ್ಬ ದೊಡ್ಡವ್ವ ಇದ್ದಳು ಅನ್ನಿ. ಅದೇ ಸಂಘ 1999ರಲ್ಲಿ ಮಾನವ ಹಕ್ಕುಗಳ ಪರವಾಗಿಯೇ ಘೋಷಣೆ ಹೊರಡಿಸಿತು.

ಇನ್ನೊಬ್ಬರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು ನಮಗೇನೂ ಹೊಸದಲ್ಲ. ಪೂರ್ವಪಕ್ಷ ಅಂದರೆ ಅದೇ ಅಲ್ವಾ? ಈಗ ತರಗತಿಯಲ್ಲಿ ಒಂದು ನಿಯಮ ಇಟ್ಟಿದ್ದೇನೆ. ಎದುರಿನವರ ಮಾತನ್ನು ಮೊದಲು ನೀವು ಹೇಳಬೇಕು. ಅವರು "ಹೌದ್ರಿ, ಅದನ್ನ ನಾ ಅಂದದ್ದು" ಅನ್ನಬೇಕು. ಅಲ್ಲಿಯವರೆಗೆ ನಿಮ್ಮ ಸರದಿ ಬರುವುದಿಲ್ಲ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಮುಗಿಯುವುದಿಲ್ಲ, ಮುಗಿಯಲೂಬಾರದು.

ಯಾಕೆಂದರೆ ಮೆತ್ತಗೆ ಮಾತಾಡುವುದು ಬೇರೆ, ಎಲ್ಲದಕ್ಕೂ ಹೂಂ ಅನ್ನುವುದು ಬೇರೆ. ನಮ್ಮೂರಿನ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಅತ್ತ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅವನ 12ನೆಯ ಶಾಸನ. ನಿನ್ನ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಪಂಥವನ್ನು ಹಳಿಯಬೇಡ, ಹಳಿದರೆ ಕೆಡುವುದು ನಿನ್ನದೇ ಅನ್ನುತ್ತದೆ. ನಾಲಿಗೆ ಬಿಗಿ ಹಿಡಿ ಅಂತ. ಹಾಗಂತ ಅಶೋಕ ಎಲ್ಲಾ ರೂಢಿಯೂ ಸರಿ ಅಂದವನಲ್ಲ. ಮೊದಲ ಶಾಸನದಲ್ಲೇ ಪ್ರಾಣಿಬಲಿ ಬೇಡ ಎಂದಿದ್ದಾನೆ.

ಇದನ್ನೆಲ್ಲ ಆ ಸಹೋದ್ಯೋಗಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಅದಿರ್ಲಿ ಸರ, ನಿಮ್ಮ ತಮ್ಮ ಅಕ್ಕನ ಮಗಳನ್ನ ಲಗ್ನ ಆಗ್ಯಾನಲ್ಲ, ಅದು?" ಅಂದರು. ಉತ್ತರ ಪ್ರದೇಶದ ಗೆಳೆಯರೊಬ್ಬರು ಇದನ್ನು ಕೇಳಿ ಬೆಚ್ಚಿಬಿದ್ದಿದ್ದರು. ಅವರಲ್ಲಿ ಅದು ಮಹಾ ತಪ್ಪು. ನಮ್ಮಲ್ಲಿ ಕರುಳುಬಳ್ಳಿ. 1955ರ ಹಿಂದೂ ವಿವಾಹ ಕಾಯ್ದೆ ಕೂಡ, ನಿಮ್ಮಲ್ಲಿ ರೂಢಿ ಇದ್ದರೆ ಆಗಲಿ ಅನ್ನುತ್ತದೆ.

"ಅದು ನಮ್ಮ ಕಡೆ ರೂಢಿ ಸರ," ಅಂದೆ. ಅಂದಮೇಲೆ ಏನಂದೆ ಅಂತ ಹೊಳೆಯಿತು. ಅವರು ಜೋರಾಗಿ ನಕ್ಕರು. ಅವತ್ತಿನ ಚಹಾದ ದುಡ್ಡು ನಾನೇ ಕೊಟ್ಟೆ.